ಪ್ರಶ್ನೆಗೊಂದು ಬಾಗಿಲು



ನಿಮ್ಮ ಮನೆಯ ಮಗು ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯೊಂದನ್ನು ಕೇಳಿದಾಗ ನೀವೇನು ಮಾಡುತ್ತೀರಿ? "ಸುಮ್ಮನೆ ಊಟ ಮಾಡು" ಎನ್ನುತ್ತೀರೋ, "ದೊಡ್ಡವರ ಮುಂದೆ ಹಾಗೆಲ್ಲ ಕೇಳಬಾರದು" ಎನ್ನುತ್ತೀರೋ, ಅಥವಾ "ನನಗೂ ಗೊತ್ತಿಲ್ಲ, ಬಾ ನೋಡೋಣ" ಎನ್ನುತ್ತೀರೋ? ಗುರುವಾಗಿ ನಾನು ಬಹುಕಾಲ ಏನು ಮಾಡುತ್ತಿದ್ದೆನೆಂಬುದನ್ನು ಈ ಬರಹದಲ್ಲಿ ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೆ ಮೊದಲು ಇಟಗಿಯಲ್ಲಿ ಕಳೆದ ಒಂದು ಬೆಳಗಿನ ವಿಷಯ ಹೇಳುತ್ತೇನೆ.

ಇಟಗಿ ಎಂದೊಡನೆ ಹಲವರಿಗೆ ಕೊಪ್ಪಳ ಜಿಲ್ಲೆಯ ಮಹಾದೇವ ದೇವಾಲಯದ ಇಟಗಿ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಗದಗ ಜಿಲ್ಲೆಯ, ರೋಣ ಗಜೇಂದ್ರಗಡಗಳ ಸೀಮೆಯ ಇಟಗಿ. ಭೀಮಾಂಬಿಕೆಯ ಹೆಸರಿನಿಂದ ಭಕ್ತರಿಗೆ ಪರಿಚಿತವಾದ ಊರು. ಅಲ್ಲಿ ನನ್ನ ಬಾಲ್ಯದ ಗೆಳೆಯರೊಬ್ಬರಿದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವುದು ಅವರ ಕಾಯಕ. 2019ರ ಕ್ರಿಸ್ಮಸ್ ಬಲಿಪೂಜೆಗಳನ್ನು ಮುಗಿಸಿ, ಸಂಜೆಯ ಬಸ್ಸು ಹಿಡಿದು ನಾನು ಅವರ ಮನೆಗೆ ಹೋಗಿದ್ದೆ. ಮರುದಿನ, ಡಿಸೆಂಬರ್ 26ರಂದು, ಸೂರ್ಯಗ್ರಹಣ. ಮಂಗಳೂರು, ಕಾಸರಗೋಡು, ಕೊಡಗಿನ ಕಡೆ ಅದು ಕಂಕಣದಂತೆ ಕಾಣುವುದಿತ್ತು. ನಮ್ಮ ಬಯಲುಸೀಮೆಗೆ ಖಂಡಗ್ರಹಣ. ಆದರೂ ಸೂರ್ಯನ ಬಹುಭಾಗ ಮರೆಯಾಗುವಷ್ಟು ದೊಡ್ಡದು.

ಬೆಳಿಗ್ಗೆ ಎಂಟರ ಸುಮಾರಿಗೆ ಊರಿನ ಓಣಿಗಳು ಬರಿದಾದವು. ಎರೆಹೊಲಗಳಲ್ಲಿ ಕಡಲೆ, ಜೋಳ ನಿಂತಿದ್ದವು. ಹೊಲಕ್ಕೆ ಹೋಗುವವರು ಮಾತ್ರ ಇರಲಿಲ್ಲ. ಗ್ರಹಣವೆಂದು ಮಕ್ಕಳನ್ನು ಶಾಲೆಗೂ ಕಳಿಸದೆ ಮನೆಯಲ್ಲಿ ಉಳಿಸಿಕೊಂಡವರಿದ್ದರು. ನನ್ನ ಗೆಳೆಯರು ಆ ದಿನ ರಜೆ ಹಾಕಿ, ಓಣಿಯ ಮನೆಮನೆಗೆ ಹೋಗಿ, ತಾಯಂದಿರ ಒಪ್ಪಿಗೆ ಪಡೆದು, ಹದಿನೈದಿಪ್ಪತ್ತು ಮಕ್ಕಳನ್ನು ತಮ್ಮ ಅಂಗಳಕ್ಕೆ ಕರೆತಂದರು. ಮೊದಲು ಹೇಳಿದ ಮಾತು ಒಂದೇ: ಸೂರ್ಯನ ಕಡೆ ಬರಿಗಣ್ಣಿನಿಂದ ಯಾರೂ ನೋಡಕೂಡದು. ಅದು ದೋಷದ ಭಯದಿಂದಲ್ಲ, ಕಣ್ಣಿನ ಒಳಪೊರೆ ಸುಟ್ಟುಹೋಗುತ್ತದೆಂಬ ಕಾರಣದಿಂದ. ಆಮೇಲೆ ಅವರು ಆಕಾಶವನ್ನು ಬಿಟ್ಟು ನೆಲವನ್ನು ತೋರಿಸಿದರು.

ಅಂಗಳದ ಬೇವಿನ ಮರದ ನೆರಳಿನಲ್ಲಿ ನೂರಾರು ಪುಟ್ಟ ಸೂರ್ಯರು ಬಿದ್ದಿದ್ದರು. ಎಲ್ಲರೂ ಒಂದೇ ಕಡೆ ಕಚ್ಚಿದ ರೊಟ್ಟಿಯಂತೆ ಅರೆಯಾಗಿದ್ದರು. ಎಲೆಗಳ ನಡುವಿನ ಒಂದೊಂದು ಸಂದಿಯೂ ಸೂರ್ಯನ ಒಂದೊಂದು ಬಿಂಬವನ್ನು ನೆಲಕ್ಕೆ ಇಳಿಸಿತ್ತು. ಗೆಳೆಯರ ಪತ್ನಿ ಅಡಿಗೆಮನೆಯಿಂದ ಸಾಣಿಗೆ ತಂದು ಹಿಡಿದರು. ಅದರ ಕೆಳಗೆ ಬಿಳಿ ಬಟ್ಟೆಯ ಮೇಲೆ ಸಾಲುಸಾಲಾಗಿ ಚಂದ್ರಾಕಾರಗಳು ಮೂಡಿದವು. ಮಕ್ಕಳ ಕೂಗಾಟಕ್ಕೆ ಪಕ್ಕದ ಮನೆಯ ಬಾಗಿಲುಗಳು ತೆರೆದುಕೊಂಡವು.

ನಾನಾಗಿದ್ದರೆ ಆಗಲೇ ಅರ್ಧ ಗಂಟೆಯ ಪ್ರಬೋಧನೆ ಮಾಡಿಬಿಡುತ್ತಿದ್ದೆ. ಗೆಳೆಯರು ಹಾಗೆ ಮಾಡಲಿಲ್ಲ. "ಸಾಣಿಗಿ ತೂತು ಹೆಂಗದಾವು?" ಎಂದು ಕೇಳಿದರು. ದುಂಡಗೆ, ಎಂದವು ಮಕ್ಕಳು. "ಎಲಿ ಸಂದು?" ಅಡ್ಡಾದಿಡ್ಡಿ. "ಮತ್ತ ನೆಲದ ಮ್ಯಾಲೆ ಎಲ್ಲಾ ಒಂದೇ ಥರಾ ಯಾಕ ಬಿದ್ದಾವು?" ಮಕ್ಕಳು ಮೌನವಾದವು. ಆ ಮೌನವನ್ನು ಅವರು ತುಂಬಲು ಹೋಗಲಿಲ್ಲ, ಕಾದರು. ಕೊನೆಗೆ ಒಬ್ಬ ಹುಡುಗಿ, ಅದು ತೂತಿನ ಆಕಾರವಲ್ಲ, ಸೂರ್ಯನದೇ ಚಿತ್ರ ಎಂದು ಹೇಳಿದಳು. ಆಗ ಅಳತೆಯ ಪಟ್ಟಿ ಹೊರಬಂತು. ಸಂದಿಯಿಂದ ನೆಲಕ್ಕೆ ಮೂರು ಮೀಟರ್ ಇದ್ದಲ್ಲಿ ಬಿಂಬ ಸುಮಾರು ಮೂರು ಸೆಂಟಿಮೀಟರ್. ಒಂದು ಮೀಟರ್ ಇದ್ದಲ್ಲಿ ಸುಮಾರು ಒಂದು. ಎಷ್ಟು ದೂರವೋ ಅದರ ನೂರರಲ್ಲೊಂದು ಪಾಲಿನಷ್ಟು ಬಿಂಬವೆಂದು ಮಕ್ಕಳೇ ಲೆಕ್ಕ ಹಾಕಿದರು. ಸೂರ್ಯನು ಚಂದ್ರನಿಗಿಂತ ಸುಮಾರು 400 ಪಟ್ಟು ಅಗಲ, ಸುಮಾರು 400 ಪಟ್ಟು ದೂರ. ಆದುದರಿಂದಲೇ ಆ ಪುಟ್ಟ ಚಂದ್ರ ಈ ಮಹಾ ಸೂರ್ಯನನ್ನು ಮರೆಮಾಡಬಲ್ಲನೆಂಬ ಮಾತನ್ನು ಅವರು ಎಲ್ಲಕ್ಕಿಂತ ಕೊನೆಗೆ ಹೇಳಿದರು.

ಅಷ್ಟರಲ್ಲಿ ಒಬ್ಬ ಹುಡುಗ, "ಗ್ರಹಣದಾಗ ಉಂಡರ ವಿಷ ಆಕ್ಕೈತಿ ಅಂತಾಳ ನಮ್ಮ ಅಮ್ಮ. ಖರೇನ್ರೀ ಸರ?" ಎಂದು ಕೇಳಿದ. ಅವನ ಅಮ್ಮ, ಎಂದರೆ ಅಜ್ಜಿ, ಪಕ್ಕದ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದರು. ಗೆಳೆಯರು ಅಜ್ಜಿಯನ್ನು ಗೇಲಿ ಮಾಡಲಿಲ್ಲ, ಸುಳ್ಳೆಂದೂ ಹೇಳಲಿಲ್ಲ. "ಹೆಂಗ ತಿಳ್ಕೊಳ್ಳೂಣು? ನೀನ ಹೇಳು" ಎಂದರು. ಮಕ್ಕಳು ತಮ್ಮಲ್ಲೇ ಚರ್ಚಿಸಿ ಒಂದು ಉಪಾಯ ಕಂಡುಹಿಡಿದರು. ಒಂದೇ ಪಾತ್ರೆಯ ಅನ್ನವನ್ನು ಎರಡು ಬಟ್ಟಲಿಗೆ ಹಾಕಿ, ಒಂದನ್ನು ಬಿಸಿಲಿಗೂ ಇನ್ನೊಂದನ್ನು ಕೋಣೆಯೊಳಗೂ ಇಟ್ಟು, ಗ್ರಹಣ ಬಿಟ್ಟ ಮೇಲೆ ನೋಡುವುದು. ಹಾಗೆಯೇ ಆಯಿತು. ಆ ಬಟ್ಟಲುಗಳಿಗೆ ಮತ್ತೆ ಬರುತ್ತೇನೆ.

ಓದುಗರೇ, ಅದೇ ಬೆಳಿಗ್ಗೆ ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗವೈಕಲ್ಯವಿರುವ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹಾಗೆ ಮಾಡಿದರೆ ವೈಕಲ್ಯ ವಾಸಿಯಾಗುತ್ತದೆಂಬ ನಂಬಿಕೆ. ಆ ಚಿತ್ರಗಳನ್ನು ನೀವೂ ನೋಡಿರಬಹುದು. ಆ ತಂದೆತಾಯಿಯರು ಕ್ರೂರಿಗಳಾಗಿರಲಿಲ್ಲ. ಮಗುವಿನ ಮೇಲಿನ ಮಮತೆಯೇ ಆ ಗುಂಡಿಯನ್ನು ತೋಡಿಸಿತ್ತು. ಅವರಲ್ಲಿ ಇಲ್ಲದೆ ಹೋದದ್ದು ಮಮತೆಯಲ್ಲ, "ಹೇಗೆ ತಿಳಿಯೋಣ?" ಎಂಬ ಒಂದು ಪ್ರಶ್ನೆ. ಅಮಾನವೀಯ ಆಚರಣೆಗಳನ್ನೂ ವಾಮಾಚಾರವನ್ನೂ ತಡೆಯಲು ನಮ್ಮ ವಿಧಾನಮಂಡಲ 2017ರಲ್ಲಿ ಅಂಗೀಕರಿಸಿದ ಕಾಯಿದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಕಾಯಿದೆ ಬೇಕು. ಆದರೆ ಆ ಪ್ರಶ್ನೆಯನ್ನು ಕಾಯಿದೆ ಕಲಿಸಲಾರದು. ಅದನ್ನು ಕಲಿಸುವವರು ಶಿಕ್ಷಕರು.

"ಹೀಗೆ ಪಾಠ ಮಾಡುವುದನ್ನು ಎಲ್ಲಿ ಕಲಿತಿರಿ?" ಎಂದು ನಾನು ಗೆಳೆಯರನ್ನು ಕೇಳಿದೆ. ಅವರು ನಕ್ಕು, "ಎಲ್ಲಿ ಅಂತ ನಿಮಗ ಗೊತ್ತಲ್ಲ, ಫಾದರ್. ಒಮ್ಮೆ ನಿಮ್ಮನ್ನೂ ಕರಕೊಂಡು ಹೋಗಿದ್ದೆ" ಎಂದರು. ನನಗೆ ಕೂಡಲೇ ಬೆಂಗಳೂರಿನ ಬಸವನಗುಡಿ ನೆನಪಾಯಿತು.

ನಾನು ಗುರುಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ಅವರು ಅಲ್ಲಿಯ ನ್ಯಾಷನಲ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದರು. ಒಂದು ಸಂಜೆ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಕ್ಕೆ ನನ್ನನ್ನು ಕರೆದೊಯ್ದಿದ್ದರು. ವಿಷಯ ಏನಿತ್ತೆಂಬುದು ಮರೆತಿದೆ. ಮರೆಯದಿರುವುದು ಖಾದಿ ತೊಟ್ಟು, ಬಿಳಿ ಟೋಪಿ ಧರಿಸಿ, ವಿದ್ಯಾರ್ಥಿಯಂತೆ ಕುಳಿತು ಆಲಿಸುತ್ತಿದ್ದ ಒಬ್ಬ ವೃದ್ಧರ ಮುಖ. ಅವರೇ ಡಾ. ಎಚ್. ನರಸಿಂಹಯ್ಯನವರು, ಕರ್ನಾಟಕಕ್ಕೆ 'ಎಚ್ಚೆನ್'.

ಅವರ ಬಾಳಿನ ಹಾದಿಯನ್ನು ನಮ್ಮ ಯುವಜನರು ತಿಳಿದಿರಬೇಕು. ಅವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಕಡುಬಡ ಮನೆಯಲ್ಲಿ. ಊರಿನ ಶಾಲೆಯ ಓದು ಮುಗಿದ ಮೇಲೆ, ಹೈಸ್ಕೂಲಿಗಾಗಿ ಬೆಂಗಳೂರಿಗೆ ಬಾ ಎಂದು ಅವರ ಮೇಷ್ಟ್ರೊಬ್ಬರು ಕರೆದರು. ಬಸ್ಸಿಗೆ ಹಣವಿರಲಿಲ್ಲ. 1935ರಲ್ಲಿ ಆ ಹುಡುಗ ಹೊಸೂರಿನಿಂದ ಬೆಂಗಳೂರಿಗೆ, 80 ಕಿಲೋಮೀಟರಿಗೂ ಹೆಚ್ಚಿನ ಹಾದಿಯನ್ನು, ಎರಡು ದಿನ ನಡೆದೇ ಬಂದ. ನ್ಯಾಷನಲ್ ಹೈಸ್ಕೂಲು ಸೇರಿ, ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಉಳಿದ. ಮರುವರ್ಷ ಆ ಶಾಲೆಗೆ ಗಾಂಧೀಜಿ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿದವನು ಇದೇ ಹುಡುಗ. ಅಂದಿನಿಂದ ಖಾದಿ ಅವರ ಮೈಬಿಡಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದುತ್ತಿದ್ದಾಗ, 1942ರಲ್ಲಿ, ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಸೆರೆಮನೆ ಸೇರಿದರು. ಬಿಡುಗಡೆಯಾದ ಮೇಲೆ ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ವಿಜ್ಞಾನದಲ್ಲಿ ಸಂಶೋಧನೆ ಮಾಡಿ, 1960ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಯೇ ಉಳಿಯಬಹುದಿತ್ತು. ತಮ್ಮ ಕಾಲೇಜಿಗೆ ಹಿಂದಿರುಗಿದರು, ಅದರ ಪ್ರಾಂಶುಪಾಲರಾದರು.

ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಕಾಲೇಜಿನ ಹಾಸ್ಟೆಲಿನ ಒಂದು ಕೊಠಡಿಯಲ್ಲಿ, ವಿದ್ಯಾರ್ಥಿಗಳ ನಡುವೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದರು. 2005ರ ಜನವರಿ 31ರಂದು ತೀರಿಕೊಳ್ಳುವವರೆಗೆ ಅದೇ ಅವರ ವಾಸ. ನಡುವೆ 1984ರಲ್ಲಿ ಪದ್ಮಭೂಷಣ ಬಂತು; ಕೊಠಡಿ ಬದಲಾಗಲಿಲ್ಲ. ಬಡತನದ ವ್ರತ ತೊಟ್ಟ ನಮ್ಮ ಸನ್ಯಾಸಿಗಳಿಗೂ ಇದು ಆತ್ಮಶೋಧನೆಯ ವಿಷಯ. ತಾವು ಬಂದ ಹಾದಿಯನ್ನು ಮರೆಯದೆ ಅವರು ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ಕಾಲೇಜು ತೆರೆಸಿದರು. ಹಳ್ಳಿಯ ಹುಡುಗ ಇನ್ನು ಮುಂದೆ ಎರಡು ದಿನ ನಡೆಯಬೇಕಾಗದಿರಲಿ ಎಂಬುದೇ ಅದರ ಅರ್ಥವೆಂದು ನಾನು ಭಾವಿಸುತ್ತೇನೆ.

ಅವರ ಬೋಧನೆಯ ತಿರುಳೇನು? ವಿಜ್ಞಾನವೆಂದರೆ ಪರೀಕ್ಷೆಗಾಗಿ ಓದುವ ವಿಷಯ ಮಾತ್ರವಲ್ಲ, ಬದುಕುವ ಒಂದು ರೀತಿ ಎಂಬುದು. ಏನು, ಏಕೆ, ಹೇಗೆ ಎಂದು ಕೇಳದೆ ಯಾವುದನ್ನೂ ಒಪ್ಪಬಾರದೆಂದು ಅವರು ಜೀವನವಿಡೀ ಕಲಿಸಿದರು. 1962ರಲ್ಲಿ ಅವರು ಕಟ್ಟಿದ ಸೈನ್ಸ್ ಫೋರಂ ವಿಜ್ಞಾನವನ್ನು ತರಗತಿಯ ಗೋಡೆಯಿಂದ ಹೊರತಂದಿತು. ವಾರವಾರವೂ ವಿಜ್ಞಾನಿಗಳು ಬಂದು ಜನಸಾಮಾನ್ಯರ ಮುಂದೆ ಮಾತನಾಡುವುದು, ಕೇಳುಗರು ಅಂಜದೆ ಪ್ರಶ್ನಿಸುವುದು ಅಲ್ಲಿ ಪದ್ಧತಿಯಾಯಿತು. ಜೊತೆಗೆ ಸಂಗೀತ, ನಾಟಕಗಳಿಗೂ ಅವರು ತಮ್ಮ ಕಾಲೇಜಿನಲ್ಲಿ ಸ್ಥಾನ ಕೊಟ್ಟರು. ಬುದ್ಧಿ ಹರಿತವಾದರೆ ಹೃದಯ ಒಣಗಬೇಕೆಂದು ಅವರು ಎಣಿಸಿರಲಿಲ್ಲ.

ಇಲ್ಲಿಯವರೆಗೆ ನೀವೆಲ್ಲರೂ ತಲೆದೂಗಿರಬಹುದು. ಮುಂದಿನದು ನಮ್ಮಂಥವರಿಗೆ ತುಸು ಇರಿಸುಮುರಿಸಿನದು. 1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ತನಿಖೆ ಮಾಡಲು ತಮ್ಮ ಅಧ್ಯಕ್ಷತೆಯಲ್ಲೇ ಒಂದು ಸಮಿತಿ ರಚಿಸಿದರು. ಪವಾಡಪುರುಷರೆಂದು ಖ್ಯಾತರಾದವರಿಗೂ ಪತ್ರ ಬರೆದು ಪರೀಕ್ಷೆಗೆ ಅವಕಾಶ ಕೋರಿದರು. ನಾಡಿನಲ್ಲಿ ದೊಡ್ಡ ವಿವಾದವೆದ್ದಿತು. ವಿಶೇಷವೆಂದರೆ, ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನಕ್ಕೆ ಸೇರಿಸಿದ 42ನೇ ತಿದ್ದುಪಡಿಯೂ ಅದೇ 1976ರದು.

ಧರ್ಮದ ಬಗ್ಗೆ ಎಚ್ಚೆನ್ ಅವರ ಎಲ್ಲ ನಿಲುವುಗಳನ್ನು ನಾನು ಒಪ್ಪುವುದಿಲ್ಲ. ನನ್ನ ನಿಲುವುಗಳನ್ನು ಅವರೂ ಒಪ್ಪುತ್ತಿರಲಿಲ್ಲ. ಆದರೆ ಪವಾಡವೆಂದು ಯಾರೋ ಹೇಳಿದ್ದನ್ನು ಪರೀಕ್ಷಿಸಿಯೇ ನಂಬಬೇಕೆಂಬುದು ಧರ್ಮಸಭೆಗೆ ಹೊರಗಿನ ಮಾತೇ? ಲೂರ್ದು ಮಾತೆಯ ಕ್ಷೇತ್ರವನ್ನು ನೋಡಿ. ಅಲ್ಲಿ ಗುಣಮುಖರಾದೆವೆಂದು ಹೇಳಿಕೊಂಡವರ ದಾಖಲೆಗಳನ್ನು ಪರಿಶೀಲಿಸಲು 1883ರಿಂದಲೇ ವೈದ್ಯರ ಕಚೇರಿಯೊಂದಿದೆ. ಏಳು ಸಾವಿರಕ್ಕೂ ಹೆಚ್ಚು ಜನ ತಮಗೆ ಗುಣವಾಯಿತೆಂದು ವರದಿ ಮಾಡಿದ್ದಾರೆ. ಧರ್ಮಸಭೆ ಪವಾಡವೆಂದು ಅಂಗೀಕರಿಸಿರುವುದು ಎಪ್ಪತ್ತರ ಆಸುಪಾಸಿನಷ್ಟನ್ನು ಮಾತ್ರ. ಒಬ್ಬರನ್ನು ಸಂತರೆಂದು ಸಾರುವ ಮೊದಲು, ಅವರ ಪ್ರಾರ್ಥನೆಯಿಂದ ರೋಗ ಗುಣವಾಯಿತೆಂಬ ಮಾತನ್ನು ವೈದ್ಯರ ಮುಂದಿಡುವುದೂ ಇದೇ ಕಾರಣಕ್ಕೆ. ಸುಳ್ಳಿನ ಆಧಾರದ ಮೇಲೆ ದೇವರ ಮಹಿಮೆಯನ್ನು ಎತ್ತಿ ನಿಲ್ಲಿಸಲಾಗದು.

ಗುರುಮಠದಲ್ಲಿ ನಾವು ಓದಿದ ಸಂತ ಥಾಮಸ್ ಅಕ್ವಿನಾಸರ ಮಹಾಗ್ರಂಥದ ರಚನೆಯೇ ಪ್ರಶ್ನೆಗಳದು. ಪ್ರತಿಯೊಂದು ವಿಷಯದಲ್ಲೂ ತಮಗೆ ವಿರುದ್ಧವಾದ ವಾದಗಳನ್ನು ಮೊದಲು ಮುಂದಿಟ್ಟು, ಆನಂತರವೇ ಅವರು ತಮ್ಮ ಉತ್ತರ ಹೇಳುತ್ತಾರೆ. ಅದನ್ನು ಓದಿ, ಪರೀಕ್ಷೆ ಬರೆದು, ಉತ್ತಮ ಅಂಕ ಪಡೆದು ನಾನು ಗುರುವಾದೆ. ಧರ್ಮಕೇಂದ್ರಕ್ಕೆ ಬಂದ ಮೇಲೆ ಮಾಡಿದ್ದು ಬೇರೆ.

ನಾನು ಶಿಸ್ತಿನ ಗುರುವೆಂದು ಹೆಸರಾಗಿದ್ದೆ. ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಪಾಠ ಒಪ್ಪಿಸಬೇಕಿತ್ತು, ಅಡ್ಡಪ್ರಶ್ನೆ ಕೂಡದಿತ್ತು. ಗೆಲಿಲಿಯೋವಿಗೆ ಧರ್ಮಸಭೆ ಏಕೆ ಶಿಕ್ಷೆ ಕೊಟ್ಟಿತೆಂದು ಒಬ್ಬ ಬಾಲಕಿ ಕೇಳಿದಾಗ, ಅಧಿಕಪ್ರಸಂಗವೆಂದು ಗದರಿಸಿ ಕೂರಿಸಿದ್ದೆ. 1633ರ ಆ ತೀರ್ಪಿನಲ್ಲಿ ತಪ್ಪಾಯಿತೆಂದು 1992ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರೇ ಒಪ್ಪಿಕೊಂಡಿದ್ದರು. ಜಗದ್ಗುರುಗಳು ಒಪ್ಪಿಕೊಂಡದ್ದನ್ನು ಒಪ್ಪಿಕೊಳ್ಳಲು ನನಗೆ ಅಭಿಮಾನ ಅಡ್ಡ ಬಂದಿತ್ತು. ವಿಶ್ವವು ವಿಸ್ತರಿಸುತ್ತಿದೆಯೆಂದು 1927ರಲ್ಲಿ ಮಂಡಿಸಿದ ಜಾರ್ಜ್ ಲೆಮೈತ್ರ್ ಒಬ್ಬ ಗುರುವೆಂದೂ, ಬಟಾಣಿ ಗಿಡಗಳಲ್ಲಿ ಅನುವಂಶೀಯತೆಯ ನಿಯಮ ಕಂಡ ಗ್ರೆಗರ್ ಮೆಂಡೆಲ್ ಒಬ್ಬ ಸನ್ಯಾಸಿಯೆಂದೂ ಆ ಬಾಲಕಿಗೆ ಹೇಳಬಹುದಿತ್ತು. ಹೇಳಲಿಲ್ಲ.

ಇದು ಒಂದು ತರಗತಿಯ ಮಾತಾಗಿ ಮುಗಿಯಲಿಲ್ಲ. ಅದೇ ಧರ್ಮಕೇಂದ್ರದಲ್ಲಿ ಮೂರ್ಛೆರೋಗವಿದ್ದ ಎಂಟು ವರ್ಷದ ಬಾಲಕನೊಬ್ಬನಿದ್ದ. ದಿನವೂ ಮಾತ್ರೆ ನುಂಗಿ ಆರಾಮವಾಗಿದ್ದ. ದೇವರಲ್ಲಿ ಪೂರ್ಣ ವಿಶ್ವಾಸವಿದ್ದರೆ ಮಾತ್ರೆ ಏಕೆ ಬೇಕೆಂದು ಯಾರೋ ತಾಯಿಗೆ ಹೇಳಿದರು. ಆಕೆ ಮಾತ್ರೆ ನಿಲ್ಲಿಸಿ ಉಪವಾಸ ಹಿಡಿದಳು. ಆ ಔಷಧವನ್ನು ಒಮ್ಮೆಗೇ ನಿಲ್ಲಿಸಿದರೆ ಮೂರ್ಛೆ ಬಿಡದೆ ಬರುವ ಅಪಾಯವಿರುತ್ತದೆ. ಹಾಗೆಯೇ ಆಯಿತು. ರಾತ್ರಿ ಆಸ್ಪತ್ರೆಗೆ ಓಡಿದೆವು. ಹುಡುಗ ಎರಡು ದಿನ ಕಣ್ಣು ಬಿಡಲಿಲ್ಲ. ದೇವರ ಕೃಪೆಯಿಂದಲೂ ವೈದ್ಯರ ಶ್ರಮದಿಂದಲೂ ಉಳಿದ.

ವಾರ್ಡಿನ ಹೊರಗೆ ನಾನು ಆ ತಾಯಿಯನ್ನು, "ಒಂದು ಮಾತು ನನ್ನನ್ನು ಕೇಳಬಾರದಿತ್ತೇನಮ್ಮ?" ಎಂದೆ. ಆಕೆ ತಲೆ ತಗ್ಗಿಸಿ ಹೇಳಿದಳು: "ಕೇಳಬೇಕಂತ ನಿಮ್ಮ ಬಾಗಿಲ ತನಕಾ ಬಂದಿದ್ದೆ ಸ್ವಾಮಿ. ಬೈತೀರಂತ ಹೊಳ್ಳಿ ಹೋದೆ."

ಓದುಗರೇ, ಇಷ್ಟು ವರ್ಷಗಳಲ್ಲಿ ನಾನು ಅನೇಕರ ಪಾಪನಿವೇದನೆಗಳನ್ನು ಕೇಳಿದ್ದೇನೆ. ನನ್ನ ಪಾಪವನ್ನು ನನಗೇ ಇಷ್ಟು ಸ್ಪಷ್ಟವಾಗಿ ತೋರಿಸಿದ ಮಾತು ಬೇರೊಂದಿಲ್ಲ. ವೈದ್ಯನನ್ನೂ, ಭೂಮಿಯಿಂದ ಬರುವ ಔಷಧವನ್ನೂ ದೇವರೇ ಸೃಷ್ಟಿಸಿದನೆಂದು ಸಿರಾಖನ ಗ್ರಂಥ ಹೇಳುತ್ತದೆ. ಇದು ನನಗೆ ಗೊತ್ತಿತ್ತು. ಆಕೆಗೆ ತಿಳಿಯಲು ಇದ್ದ ದಾರಿ ನನ್ನ ಬಾಗಿಲೊಂದೇ. ಅದನ್ನು ನಾನೇ ಮುಚ್ಚಿಕೊಂಡಿದ್ದೆ. ಕಲಬುರಗಿ ಜಿಲ್ಲೆಯ ಆ ಗುಂಡಿಗಳ ಚಿತ್ರ ನೋಡಿದಾಗ ಬೇರೆ ಧರ್ಮದವರ ಮೌಢ್ಯವೆಂದು ಮುಖ ತಿರುಗಿಸಲು ನನಗೆ ಸಾಧ್ಯವಾಗದಿದ್ದುದು ಈ ಕಾರಣಕ್ಕಾಗಿ.

ಅಂದಿನಿಂದ ಶುಭಸಂದೇಶಗಳನ್ನು ಓದುವಾಗ ಅಲ್ಲಿ ಎಷ್ಟೊಂದು ಪ್ರಶ್ನೆಗಳಿವೆಯೆಂದು ಬೆರಗಾಗುತ್ತೇನೆ. ದೇವದೂತನ ಸಂದೇಶ ಕೇಳಿದ ಮಾತೆ ಮರಿಯಮ್ಮನವರು ಮೊದಲು ಕೇಳಿದ್ದು, ಅದು ಹೇಗೆ ಆದೀತೆಂದು, ಆನಂತರವೇ ಸಮ್ಮತಿಸಿದರು. ಹನ್ನೆರಡರ ವಯಸ್ಸಿನ ಯೇಸು ದೇವಾಲಯದಲ್ಲಿ ಪಂಡಿತರ ನಡುವೆ ಕುಳಿತು ಆಲಿಸುತ್ತಲೂ ಪ್ರಶ್ನಿಸುತ್ತಲೂ ಇದ್ದರು. ನಮ್ಮ ನಾಡಿಗೆ ಪ್ರೇಷಿತರಾದ ಸಂತ ತೋಮಾಸರು ಗಾಯದ ಗುರುತು ನೋಡದೆ ನಂಬೆನೆಂದರು. ಪ್ರಭು ಅವರನ್ನು ಹೊರದೂಡಲಿಲ್ಲ. ಹತ್ತಿರ ಕರೆದು ಗಾಯವನ್ನೇ ಮುಂದೊಡ್ಡಿದರು. ಮಗನ ಮೂರ್ಛೆಯಿಂದ ಕಂಗೆಟ್ಟು, ತನ್ನ ಅರೆನಂಬಿಕೆಯನ್ನು ಮುಚ್ಚಿಡದೆ ಹೇಳಿಕೊಂಡ ತಂದೆಯ ಕಥೆ ಮಾರ್ಕರ ಶುಭಸಂದೇಶದಲ್ಲಿದೆ. ಆ ಅರೆನಂಬಿಕೆಯ ತಂದೆಯನ್ನು ಯೇಸುಸ್ವಾಮಿ ಬರಿಗೈಯಲ್ಲಿ ಕಳಿಸಲಿಲ್ಲ. ಇದನ್ನು ಓದುವಾಗ ಆಸ್ಪತ್ರೆಯ ಹೊರಗೆ ನಿಂತಿದ್ದ ಆ ತಾಯಿ ಪ್ರತಿ ಸಲವೂ ನನ್ನ ಕಣ್ಣ ಮುಂದೆ ಬರುತ್ತಾಳೆ.

ಎಲ್ಲವನ್ನೂ ಬಟ್ಟಲಿನಲ್ಲಿಟ್ಟು ಪರೀಕ್ಷಿಸಲಾಗದು ಎಂಬುದೂ ನಿಜ. ತಾಯಿಯ ಪ್ರೀತಿಯನ್ನು, ಕ್ಷಮೆಯನ್ನು, ಸತ್ತವರ ಪುನರುತ್ಥಾನದ ಭರವಸೆಯನ್ನು ಅಳತೆಪಟ್ಟಿ ಮುಟ್ಟದು. ಆದರೆ ಪರೀಕ್ಷಿಸಬಹುದಾದುದನ್ನು ಪರೀಕ್ಷಿಸದೆ ಬಿಟ್ಟು, ಅದಕ್ಕೆ ವಿಶ್ವಾಸವೆಂದು ಹೆಸರಿಡುವುದು ಸೋಮಾರಿತನ. ಅಳತೆಗೆ ಸಿಗುವುದನ್ನು ಪ್ರಾಮಾಣಿಕವಾಗಿ ಅಳೆದವರೇ ಅಳತೆಗೆ ಸಿಗದುದರ ಮುಂದೆ ನಿಜವಾಗಿ ಮೊಣಕಾಲೂರಬಲ್ಲರು.

ಆದುದರಿಂದ ತಂದೆತಾಯಿಯರಲ್ಲಿ ನನ್ನದೊಂದು ಬಿನ್ನಹ. ಮಗು ಕೇಳಿದಾಗ ಗದರಬೇಡಿ. ಉತ್ತರ ಗೊತ್ತಿದ್ದರೂ ಕೂಡಲೇ ಹೇಳಬೇಡಿ. ನೀನೇನು ಅನ್ನುತ್ತೀ ಎಂದು ಕೇಳಿ, ಕಾಯಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆನ್ನಿ, ಅದರಿಂದ ನಿಮ್ಮ ಗೌರವ ಕುಗ್ಗದು. ಪ್ರಾರ್ಥನೆಯ ಹೆಸರಿನಲ್ಲಿ ಯಾರಾದರೂ ಔಷಧ ಬಿಡಲು ಹೇಳಿದರೆ ಅವರನ್ನು ಪ್ರಶ್ನಿಸಿ, ವೈದ್ಯರನ್ನು ಕಾಣಿ. ನಿಮ್ಮ ಗುರುಗಳ ಬಾಗಿಲನ್ನೂ ತಟ್ಟಿ. ಅವರು ನನ್ನಂತೆ ಮುಖ ಗಂಟುಹಾಕಿಕೊಂಡರೆ ಇನ್ನೊಮ್ಮೆ ತಟ್ಟಿ.

ಇನ್ನು ಇಟಗಿಯ ಬಟ್ಟಲುಗಳು. ಹನ್ನೊಂದರ ವೇಳೆಗೆ ಗ್ರಹಣ ಬಿಟ್ಟಿತು. ಮಕ್ಕಳು ಎರಡೂ ಬಟ್ಟಲುಗಳನ್ನು ತಂದು ಮೂಸಿ ನೋಡಿದರು, ಮುಟ್ಟಿ ನೋಡಿದರು. ಬಿಸಿಲಿನಲ್ಲಿದ್ದ ಅನ್ನ ತುಸು ಒಣಗಿತ್ತು, ಅಷ್ಟೇ. ಗೆಳೆಯರು ಮಕ್ಕಳಿಗೆ ಕೊಡಲಿಲ್ಲ. ತಾವೇ ಒಂದಿಷ್ಟು ಮೊಸರು ಕಲಸಿಕೊಂಡು ಎಲ್ಲರೆದುರು ಉಂಡರು. ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಅದೇ ಹುಡುಗ, ಅಜ್ಜಿಯ ಮಗ್ಗುಲಲ್ಲಿ ನಿಂತವನು, ಗಂಭೀರವಾಗಿ ಹೇಳಿದ: "ಸರ, ನೀವೊಬ್ರು ಉಂಡು ನೋಡಿದರ ಸಾಲಂಗಿಲ್ರೀ. ಭಾಳ ಮಂದಿ ಉಣಬೇಕು."

ನಾನು ನಕ್ಕೆ. ಗೆಳೆಯರು ನಗಲಿಲ್ಲ. ಎದ್ದು ಬಂದು ಆ ಹುಡುಗನ ತಲೆಯ ಮೇಲೆ ಕೈಯಿಟ್ಟು, "ಖರೆ ಹೇಳಿದಿ" ಎಂದರು. ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಹೊಸ ಗುರುವಿನ ಮೊದಲ ಬಲಿಪೂಜೆಯ ದಿನ ಅವರ ತಂದೆತಾಯಿಯರ ಮುಖದಲ್ಲಿ ಕಂಡಿದ್ದೇನೆ. ಅಜ್ಜಿ ಮಾತ್ರ ಏನೂ ಹೇಳಲಿಲ್ಲ. ಕಟ್ಟೆಯಿಂದ ಇಳಿದು, ಬೇವಿನ ಮರದ ಕೆಳಗೆ ಬಂದು, ಮತ್ತೆ ದುಂಡಗಾಗಿದ್ದ ಆ ಪುಟ್ಟ ಸೂರ್ಯರನ್ನು ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ದಿನಾ ಹಿಂಗ ಬೀಳ್ತಿದ್ದುವೇನ್ರೀ ಇವು? ನಾ ನೋಡೇ ಇದ್ದಿಲ್ಲ" ಎಂದರು.

ದಿನವೂ ಬೀಳುತ್ತಿದ್ದವು. ನಾನೂ ನೋಡಿರಲಿಲ್ಲ.